ವಿಸ್ತೃತ ರೋಹಿತದ ನಿಸ್ತಂತು ಜಾಲಗಳಲ್ಲಿ ಬಳಕೆದಾರರ ಸಹಕಾರ

ನಿಸ್ತಂತು ಸಂಪರ್ಕದಲ್ಲಿ ಒಬ್ಬನ ಮಾತು ಮತ್ತೊಬ್ಬನಿಗೆ ಗದ್ದಲವಾಗಿ ಪರಿಣಮಿಸುವುದು ಸಹಜ. ಗದ್ದಲಕ್ಕೆ ಕಾರಣನಾದವನನ್ನೇ ನೆರವಿಗೆ ಕರೆಯಬಹುದೆ ಎಂಬ ಪ್ರಶ್ನೆಯನ್ನು ನಾವು ಇಲ್ಲಿ ವಿಚಾರಿಸುತ್ತೇವೆ.

ವಿಸ್ತೃತ ರೋಹಿತ ಪದ್ಧತಿಯಲ್ಲಿ ಸಂದೇಶವನ್ನು ಅದಕ್ಕೆ ಬೇಕಾದುದಕ್ಕಿಂತ ಬಹಳ ಅಗಲವಾದ ಕಂಪನಾಂಕ ಪಟ್ಟಿಯ ಮೇಲೆ ಹರಡಲಾಗುವುದು. 1993ರಲ್ಲಿ ಪ್ರಕಟವಾದ ಐ.ಎಸ್.-95 ಎಂಬ ಸಿ.ಡಿ.ಎಂ.ಎ. ಮಾನಕವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರಲ್ಲಿ ಸೆಕೆಂಡಿಗೆ 9,600 ಬಿಟ್‌ಗಳ ಸಂದೇಶವು 12,28,800 ಚಿಪ್‌ಗಳಾಗಿ, ಅಂದರೆ 128 ಪಟ್ಟು, ಹರಡುತ್ತಿದ್ದಿತು. ಎಲ್ಲರೂ ಏಕಕಾಲದಲ್ಲಿ ಒಂದೇ ಪಟ್ಟಿಯನ್ನು ಬಳಸುತ್ತಿದ್ದರು. ಆದರೆ ಪ್ರತಿಯೊಬ್ಬನಿಗೂ ಬೇರೆಯಾದ ಸಂಕೇತಮಾಲೆ. ಅದನ್ನು ಅರಿತ ಗ್ರಾಹಕದಲ್ಲಿ ಅವನ ಸಂದೇಶ ಮಾತ್ರ ಮೇಲೆದ್ದು, ಉಳಿದವು ಮಂದ ಗದ್ದಲವಾಗಿ ಉಳಿಯುತ್ತಿದ್ದವು.

ಈ ವ್ಯವಸ್ಥೆ ಸಂಯಮವನ್ನು ಬೇಡುತ್ತದೆ. ಶಕ್ತಿಯು ದೂರದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿ ಕುಗ್ಗುವುದೆಂದು ಭಾವಿಸಿದರೆ, ಹತ್ತು ಪಟ್ಟು ಸಮೀಪದಲ್ಲಿರುವವನ ತರಂಗವು 10,000 ಪಟ್ಟು ಪ್ರಬಲವಾಗಿ ಗೋಪುರವನ್ನು ಮುಟ್ಟುವುದು. ಇದರ ಮುಂದೆ 128 ಪಟ್ಟಿನ ಲಾಭ ನಿಲ್ಲಲಾರದು. ದೂರದವನ ದನಿ ಮುಳುಗಿಹೋಗುವುದು. ಆದುದರಿಂದಲೇ ಗೋಪುರವು ಪ್ರತಿ ಫೋನಿಗೂ ಶಕ್ತಿಯನ್ನು ಏರಿಸೆಂದೊ ಇಳಿಸೆಂದೊ ಸೆಕೆಂಡಿಗೆ 800 ಬಾರಿ ಆಜ್ಞಾಪಿಸುತ್ತಿದ್ದಿತು. ಇದು ಮೇಲಿನಿಂದ ವಿಧಿಸಿದ ಸಹಕಾರ.

ಬಳಕೆದಾರರು ತಾವಾಗಿಯೇ ಕೈಜೋಡಿಸುವ ಕ್ರಮವನ್ನು ಸೆಂಡೊನಾರಿಸ್, ಎರ್ಕಿಪ್ ಮತ್ತು ಆಝಾಂಗ್ ಎಂಬ ಸಂಶೋಧಕರು 2003ರಲ್ಲಿ ಎರಡು ಭಾಗಗಳ ಪ್ರಬಂಧದಲ್ಲಿ ವಿವರಿಸಿದರು. ಕಟ್ಟಡಗಳಿಗೆ ತಾಗಿ ಹಲವು ಹಾದಿಗಳಿಂದ ಬರುವ ತರಂಗಗಳು ಒಂದನ್ನೊಂದು ಅಳಿಸಿ, ಸಂದೇಶ ಕ್ಷೀಣಿಸುವುದುಂಟು. ಆಗ ಇಬ್ಬರು ಜೊತೆಗಾರರು ಪರಸ್ಪರರ ಬಿಟ್‌ಗಳನ್ನು ಆಲಿಸಿ, ತಮ್ಮ ಬಿಟ್‌ಗಳೊಡನೆ ಅವನ್ನೂ ಅವರವರ ಸಂಕೇತಮಾಲೆಯಲ್ಲಿ ಗೋಪುರಕ್ಕೆ ಕಳುಹಿಸುತ್ತಾರೆ. ಒಂದು ಹಾದಿ ನೂರರಲ್ಲಿ ಒಮ್ಮೆ ಕೆಡುವುದಾದರೆ, ಪರಸ್ಪರ ಸಂಬಂಧವಿಲ್ಲದ ಎರಡು ಹಾದಿಗಳೂ ಒಟ್ಟಿಗೆ ಕೆಡುವುದು ಹತ್ತುಸಾವಿರದಲ್ಲಿ ಒಮ್ಮೆ ಮಾತ್ರ.

ಆದರೆ ತನ್ನ ಬ್ಯಾಟರಿಯನ್ನೂ ಕಾಲವನ್ನೂ ಪರರಿಗಾಗಿ ವ್ಯಯಿಸಿದವನಿಗೆ ನಷ್ಟವಲ್ಲವೆ? ಜೊತೆಗಾರರ ನಡುವಣ ಹಾದಿ ನಿರ್ದೋಷವಾಗಿಲ್ಲದಿದ್ದರೂ ಇಬ್ಬರ ಸಂವಹನ ಸಾಮರ್ಥ್ಯವೂ ಹೆಚ್ಚಬಲ್ಲುದೆಂಬುದೇ ಆ ಪ್ರಬಂಧದ ಮುಖ್ಯ ಫಲಿತಾಂಶ. ಇಂದು ಕೊಟ್ಟವನು ನಾಳೆ ಪಡೆಯುತ್ತಾನೆ. ಎರಡು ನಿಬಂಧನೆಗಳನ್ನು ಮಾತ್ರ ಮರೆಯಲಾಗದು: ಸಾಗಿಸುವವನಿಗೆ ಸಂದೇಶದ ಅರ್ಥ ತಿಳಿಯದಂತೆ ಅದು ಗೂಢಲಿಪಿಯಲ್ಲಿರಬೇಕು; ಪಡೆಯುವವನು ಕೊಡಲೂ ಸಿದ್ಧನಿರಬೇಕು. ಮೊದಲನೆಯದನ್ನು ಗಣಿತವು ಒದಗಿಸಬಲ್ಲುದು. ಎರಡನೆಯದಕ್ಕೆ ಜಾಲದ ನಿಯಮಗಳೇ ಹೊಣೆಯಾಗಬೇಕು.