ಅಂಗಡಿಯ ಸ್ಟೂಲು ಮತ್ತು ಕುಳಿತುಕೊಳ್ಳುವ ಹಕ್ಕು

ಮೇ ತಿಂಗಳ ಕೊನೆಯ ವಾರದಲ್ಲಿ ಕಾಸರಗೋಡಿನ ಜವಳಿ ಅಂಗಡಿಗಳ ಮೆಟ್ಟಿಲೇರಿದವರಿಗೆಲ್ಲ ಪರಿಚಿತವಾದ ನೋಟವಿದು. ಶಾಲೆ ತೆರೆಯುವ ದಿನ ಹತ್ತಿರವಾಗಿರುತ್ತದೆ. ಸಮವಸ್ತ್ರದ ಬಟ್ಟೆಗಾಗಿ ತಾಯಂದಿರು ಮಕ್ಕಳ ಕೈಹಿಡಿದುಕೊಂಡು ಕಾದಿರುತ್ತಾರೆ. ನಮಗೆ ಕುರ್ಚಿಯಿದೆ, ಕುಡಿಯಲು ನೀರೂ ಬರುತ್ತದೆ. ಎದುರಿನಲ್ಲಿ ಥಾನುಗಳನ್ನು ಬಿಚ್ಚಿ ಮಡಿಚುತ್ತಿರುವ ಹುಡುಗಿ ಮಾತ್ರ ನಿಂತೇ ಇರುತ್ತಾಳೆ.

ಕಳೆದ ಸಲ ಹಾಗೆ ನಿಂತಿದ್ದವಳು ನಮ್ಮ ಕನ್ನಡ ಮಾಧ್ಯಮ ಶಾಲೆಯಲ್ಲಿಯೇ ಹತ್ತನೆಯ ತರಗತಿ ಮುಗಿಸಿದವಳು. ಕಾಲಿನ ಬಾವನ್ನು ಕಂಡು ವಿಚಾರಿಸಿದೆ. “ಬೆಳಿಗ್ಗೆ ನಿಂತರೆ ಸಂಜೆ ಬಸ್ಸಿನಲ್ಲಿ ಸೀಟು ಸಿಕ್ಕಿದರೆ ಕುಳಿತುಕೊಳ್ಳುವುದು, ಟೀಚರ್. ಸ್ಟೂಲು ಉಂಟು, ಅದರ ಮೇಲೆ ಕವರಿನ ಕಟ್ಟು ಇಟ್ಟಿದ್ದಾರೆ” ಎಂದು ನಕ್ಕಳು. ಕುಳಿತುಕೊಳ್ಳುವುದು ಅವಳ ಹಕ್ಕೆಂದು ಕಾನೂನೇ ಹೇಳುತ್ತದೆ ಎಂದಾಗ ಅವಳು ನಂಬಲಿಲ್ಲ.

ಆ ಕಾನೂನು ತಾನಾಗಿ ಬಂದದ್ದಲ್ಲ. ಕೋಯಿಕ್ಕೋಡಿನ ಮಿಠಾಯಿ ತೆರುವಿನಲ್ಲಿ ದುಡಿಯುತ್ತಿದ್ದ ಮಹಿಳೆಯರಿಗೆ ಕುಳಿತುಕೊಳ್ಳಲು ಆಸನವಿಲ್ಲದಿದ್ದಂತೆಯೇ ಶೌಚಾಲಯವೂ ಇರಲಿಲ್ಲ. ಹೊಲಿಗೆ ಕೆಲಸ ಮಾಡುತ್ತಿದ್ದ ವಿಜಿ ಎಂಬವರು ‘ಪೆಣ್‌ಕೂಟ್ಟ್’ ಎಂಬ ಸಂಘಟನೆಯ ಮೂಲಕ ಇವರನ್ನು ಒಟ್ಟುಗೂಡಿಸಿದರು. 2014ರ ಕೊನೆಯಲ್ಲಿ ತ್ರಿಶೂರಿನ ಜವಳಿ ಮಳಿಗೆಯೊಂದರ ಕೆಲವು ಮಹಿಳೆಯರು ಮುಷ್ಕರ ಹೂಡಿದಾಗ ಅದಕ್ಕೆ ‘ಇರಿಕ್ಕಲ್ ಸಮರ’, ಅಂದರೆ ಕುಳಿತುಕೊಳ್ಳುವ ಹೋರಾಟ, ಎಂಬ ಹೆಸರೇ ಬಂತು. ಕೊನೆಗೆ 2018ರಲ್ಲಿ ಕೇರಳ ಸರಕಾರವು 1960ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಗೆ ತಿದ್ದುಪಡಿ ತಂದಿತು. ಕೆಲಸದ ನಡುವೆ ಅವಕಾಶ ಒದಗಿದಾಗಲೆಲ್ಲ ಕುಳಿತುಕೊಳ್ಳುವಂತೆ ಎಲ್ಲ ಕೆಲಸಗಾರರಿಗೂ ತಕ್ಕ ಆಸನದ ವ್ಯವಸ್ಥೆ ಮಾಡಬೇಕಾದುದು ಮಾಲೀಕನ ಹೊಣೆ ಎಂಬುದು ಅದರ ಸಾರ. ಗಂಡಸರಿಗೂ ಇದು ಅನ್ವಯಿಸುತ್ತದೆ. ಕಾಯಿದೆ ಮೀರಿದವರಿಗೆ ವಿಧಿಸುವ ದಂಡವನ್ನೂ ಆಗ ಹಲವು ಪಟ್ಟು ಏರಿಸಲಾಯಿತು.

2021ರ ಸೆಪ್ಟೆಂಬರಿನಲ್ಲಿ ತಮಿಳುನಾಡು ತನ್ನ 1947ರ ಕಾಯಿದೆಗೆ ಇಂತಹುದೇ ಕಲಮನ್ನು ಸೇರಿಸಿತು. ಆದುದರಿಂದ ತಾಳವಾಡಿ, ಹೊಸೂರು, ನೀಲಗಿರಿಯ ವಾಚಕರಿಗೂ ಈ ಮಾತು ಹೊರಗಿನದಲ್ಲ. ಮಂಜೇಶ್ವರದಿಂದ ನಿತ್ಯವೂ ರೈಲು ಹಿಡಿದು ಮಂಗಳೂರಿನ ಅಂಗಡಿಗಳಿಗೆ ಹೋಗುವವರು ಒಂದು ವಿಷಯ ಗಮನಿಸಬೇಕು: ಕಾನೂನು ಕೆಲಸಗಾರನ ಊರನ್ನು ನೋಡುವುದಿಲ್ಲ, ಅಂಗಡಿ ಇರುವ ರಾಜ್ಯವನ್ನು ನೋಡುತ್ತದೆ. ಕೇರಳದ ತಿದ್ದುಪಡಿ ತಲಪಾಡಿ ದಾಟಿ ಬರುವುದಿಲ್ಲ.

ಇದೇನು ಹೊಸ ವಿಚಾರವೆ? ಇಂಗ್ಲೆಂಡಿನಲ್ಲಿ 1899ರಷ್ಟು ಹಿಂದೆಯೇ, ಅಂಗಡಿಯಲ್ಲಿ ದುಡಿಯುವ ಪ್ರತಿ ಮೂವರು ಸ್ತ್ರೀಯರಿಗೆ ಒಂದು ಆಸನ ಇರಬೇಕೆಂದು ಶಾಸನವಾಗಿತ್ತು. ನಮ್ಮಲ್ಲಿ 1948ರ ಕಾರ್ಖಾನೆ ಕಾಯಿದೆಯ 44ನೆಯ ಕಲಮು ನಿಂತು ದುಡಿಯುವವರಿಗೆ ಆಸನ ಒದಗಿಸಬೇಕೆಂದಿತು. ಕಾರ್ಖಾನೆಯ ಬಾಗಿಲಿನಿಂದ ಅಂಗಡಿಯ ಬಾಗಿಲಿಗೆ ಅದೇ ಮಾತು ಬರಲು ಕೇರಳದಲ್ಲಿಯೇ 70 ವರ್ಷ ಬೇಕಾಯಿತು.

ನಿಲ್ಲುವುದರಿಂದ ಅಂತಹ ಕೇಡೇನೆಂದು ಕೇಳುವವರಿದ್ದಾರೆ. ನಡೆಯುವಾಗ ಮೀನಖಂಡದ ಸ್ನಾಯುಗಳು ಬಿಗಿದು ಸಡಿಲಗೊಂಡು ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ನಿಂತಲ್ಲೇ ನಿಂತಾಗ ಈ ತಳ್ಳಾಟ ನಿಲ್ಲುತ್ತದೆ. ರಕ್ತವು ಕೆಳಗೇ ಉಳಿದು ರಕ್ತನಾಳಗಳ ಗೋಡೆಯ ಮೇಲೆ ಒತ್ತಡ ಬೀಳುತ್ತದೆ. ಸಂಜೆಯ ಬಾವು, ವರ್ಷಗಳು ಕಳೆದಂತೆ ಉಬ್ಬಿ ಗಂಟುಗಟ್ಟುವ ನರಗಳು, ಹಿಮ್ಮಡಿಯ ನೋವು, ಸೊಂಟನೋವು ಇವೆಲ್ಲಕ್ಕೂ ಇದು ದಾರಿ. ಗರ್ಭಿಣಿಯರ ಪಾಡು ಇನ್ನೂ ಕಷ್ಟ. ಶೌಚಾಲಯ ದೂರವಿರುವ ಅಂಗಡಿಗಳಲ್ಲಿ ಹೆಣ್ಣುಮಕ್ಕಳು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಅದರಿಂದ ಮೂತ್ರನಾಳದ ಸೋಂಕು. ಆಸನದ ಪ್ರಶ್ನೆ ಮತ್ತು ಶೌಚಾಲಯದ ಪ್ರಶ್ನೆ ಕೋಯಿಕ್ಕೋಡಿನಲ್ಲಿ ಜತೆಯಾಗಿಯೇ ಎದ್ದುದು ಆಕಸ್ಮಿಕವಲ್ಲ.

ದಿನವಿಡೀ ಕುಳಿತಿರುವುದೂ ಒಳ್ಳೆಯದಲ್ಲ ಎಂಬುದನ್ನು ಬೀಡಿ ಕಟ್ಟುವ ನಮ್ಮ ತಾಯಂದಿರ ಬೆನ್ನೇ ಹೇಳುತ್ತದೆ. ಬೇಕಾದುದು ಬದಲಾವಣೆ. ಗಿರಾಕಿ ಇಲ್ಲದಾಗ ಹತ್ತು ನಿಮಿಷ ಕುಳಿತುಕೊಳ್ಳುವುದು, ನಿಂತಾಗ ಒಂದು ಪಾದವನ್ನು ತಗ್ಗಾದ ಮಣೆಯ ಮೇಲಿಟ್ಟು ಆಗಾಗ ಕಾಲು ಬದಲಿಸುವುದು, ಸಿಮೆಂಟು ನೆಲಕ್ಕೆ ದಪ್ಪ ಚಾಪೆ ಹಾಸುವುದು, ಭಾರದ ಥಾನುಗಳನ್ನು ಸೊಂಟದ ಎತ್ತರದ ಅಟ್ಟಳಿಗೆಯಲ್ಲಿಯೇ ಇಡುವುದು: ಇವುಗಳಿಗೆ ಮಾಲೀಕನಿಗೆ ತಗಲುವ ವೆಚ್ಚ ಅತ್ಯಲ್ಪ. ಸ್ಟೂಲು ಮೇಜಿನ ಹತ್ತಿರವೇ ಇರಬೇಕು, ಕುಳಿತಾಗ ಪಾದ ನೆಲಕ್ಕೋ ಅಡ್ಡಪಟ್ಟಿಗೋ ತಾಗಬೇಕು. ಗೋದಾಮಿನ ಮೂಲೆಯಲ್ಲಿಟ್ಟ ಕುರ್ಚಿಯನ್ನು ‘ತಕ್ಕ ವ್ಯವಸ್ಥೆ’ ಎಂದು ಯಾರೂ ಕರೆಯಲಾರರು.

ಆದರೆ ಕಾನೂನಿನಲ್ಲಿ ಒಂದು ಸಡಿಲು ಗಂಟಿದೆ. ‘ಅವಕಾಶ ಒದಗಿದಾಗ’ ಎಂದರೆ ಯಾವಾಗ, ತೀರ್ಮಾನಿಸುವವರು ಯಾರು? ಕ್ಯಾಮೆರಾದಲ್ಲಿ ನೋಡುತ್ತಿರುವ ಮೇಲ್ವಿಚಾರಕನಿಗೆ ಅಂತಹ ಅವಕಾಶ ಕಾಣಿಸುವುದೇ ಇಲ್ಲ. ಕುಳಿತವಳು ಸೋಮಾರಿ ಎಂಬ ಭಾವನೆ ಗಿರಾಕಿಗಳಾದ ನಮ್ಮಲ್ಲೂ ಉಂಟು. ಅಂಗಡಿಯವರು ಅಂಜುವುದು ನಮ್ಮ ಮುಖಭಾವಕ್ಕೇ. “ನೀನು ಕುಳಿತುಕೋ ಮಗಳೇ, ಕುಳಿತೇ ತೋರಿಸು” ಎಂದು ಗಿರಾಕಿಯೇ ಗಟ್ಟಿಯಾಗಿ ಹೇಳಿದರೆ ಮಾಲೀಕನಿಗೆ ಅಡ್ಡಿ ಹೇಳುವುದು ಕಷ್ಟ. ನಾನು ಹೇಳಿ ನೋಡಿದ್ದೇನೆ.

ಮಾತಿಗೆ ಜಗ್ಗದಿದ್ದಲ್ಲಿ ಲೇಬರ್ ಆಫೀಸಿಗೆ ದೂರು ಕೊಡಬಹುದು. ಮಲಯಾಳದಲ್ಲಿ ಬರೆಯಲು ಬಾರದೆಂಬ ಅಳುಕಿನಿಂದಲೇ ನಮ್ಮವರು ಹಲವರು ಹಿಂಜರಿಯುತ್ತಾರೆ. ಸಂವಿಧಾನದ 350ನೆಯ ವಿಧಿಯು ಕುಂದುಕೊರತೆಯ ಅರ್ಜಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಲು ಅಧಿಕಾರ ಕೊಟ್ಟಿದೆ. ಕೇರಳದ 1969ರ ಆಡಳಿತ ಭಾಷಾ ಕಾಯಿದೆಯೂ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲಿಯೇ ಪತ್ರವ್ಯವಹಾರ ನಡೆಸಲು ಅವಕಾಶವಿತ್ತಿದೆ. ಅರ್ಜಿಯಲ್ಲಿ ಅಂಗಡಿಯ ಹೆಸರು, ಕೆಲಸಗಾರರ ಸಂಖ್ಯೆ, ಆಸನಗಳ ಸಂಖ್ಯೆ, ಕೆಲಸದ ವೇಳೆ ಸ್ಪಷ್ಟವಾಗಿರಲಿ. ಒಬ್ಬಳೇ ಸಹಿ ಹಾಕುವುದಕ್ಕಿಂತ ನಾಲ್ವರು ಸೇರಿ ಹಾಕುವುದು ಲೇಸು. ಕೆಲಸ ಹೋಗುವ ಭಯ ಸುಳ್ಳಲ್ಲ. ಪ್ರತಿಯೊಂದನ್ನು ಇಟ್ಟುಕೊಂಡು, ಅದರ ಮೇಲೆ ಕಚೇರಿಯ ಮೊಹರು ಹಾಕಿಸಿಕೊಳ್ಳುವುದನ್ನು ಮರೆಯಬಾರದು.

ಆ ಹುಡುಗಿ ಹೋದ ಭಾನುವಾರ ಮನೆಗೆ ಬಂದಿದ್ದಳು. ಕೈಯಲ್ಲಿ ಅರ್ಜಿಯ ಕರಡು, ಕೆಳಗೆ ಐದು ಸಹಿ. ಎರಡು ಕಾಗುಣಿತದ ತಪ್ಪುಗಳಿದ್ದವು, ತಿದ್ದಿ ಕೊಟ್ಟೆ.