ಒಂಟಿಕಾಲಿನ ದಾಂಡಿಗ

1962ನೆಯ ಇಸವಿಯ ಜುಲೈ ತಿಂಗಳ ಮೊದಲನೆಯ ದಿನ. ಜಪಾನಿನ ಕಾವಾಸಾಕಿ ನಗರದ ಮೈದಾನದಲ್ಲಿ ಟೋಕಿಯೋದ ಯೊಮಿಯುರಿ ಜೈಂಟ್ಸ್ ತಂಡಕ್ಕೂ ತೈಯೋ ವೇಲ್ಸ್ ತಂಡಕ್ಕೂ ಬೇಸ್‌ಬಾಲ್ ಪಂದ್ಯ ನಡೆದಿತ್ತು. ಜೈಂಟ್ಸ್ ತಂಡದ ಇಪ್ಪತ್ತೆರಡರ ತರುಣನೊಬ್ಬ ಬ್ಯಾಟು ಹಿಡಿದು ಬಂದು ನಿಂತ. ಎಸೆತಗಾರ ಚೆಂಡನ್ನೆಸೆಯಲು ಅಣಿಯಾಗುತ್ತಿದ್ದಂತೆ ಈ ತರುಣ ತನ್ನ ಬಲಗಾಲನ್ನು ಮಡಿಸಿ ಸೊಂಟದ ಮಟ್ಟಕ್ಕೆ ಎತ್ತಿದ. ಕೆರೆಯ ಅಂಚಿನಲ್ಲಿ ಮೀನಿಗಾಗಿ ಕಾದಿರುವ ಕೊಕ್ಕರೆಯಂತೆ ಎಡಗಾಲೊಂದರ ಮೇಲೆಯೇ ಅಲುಗದೆ ನಿಂತ. ಚೆಂಡು ಸಮೀಪಿಸಿತು. ಎತ್ತಿದ ಕಾಲು ನೆಲಕ್ಕಿಳಿಯಿತು, ಬ್ಯಾಟು ಬೀಸಿತು. ಆ ದಿನ ಆತನ ಹೊಡೆತಗಳಲ್ಲೊಂದು ಮೈದಾನದ ಬೇಲಿಯನ್ನು ದಾಟಿ ಹೋಮ್ ರನ್ ಎನಿಸಿತು.

ಆ ತರುಣನ ಹೆಸರು ಸದಾಹರು ಓ. ಆತನ ಒಂಟಿಕಾಲಿನ ನಿಲುವು ವಿನೋದಕ್ಕಾಗಿ ಹೂಡಿದ ಆಟವಲ್ಲ, ಪ್ರೇಕ್ಷಕರನ್ನು ಬೆರಗುಗೊಳಿಸುವ ಹವ್ಯಾಸವೂ ಅಲ್ಲ. ಮೂರು ವರ್ಷಗಳಿಂದ ಆತನನ್ನು ಕಾಡುತ್ತಿದ್ದ ಒಂದು ದೋಷಕ್ಕೆ ಆತನ ಗುರು ಕಂಡುಹಿಡಿದ ಮದ್ದು ಅದು.

ದೋಷ ಯಾವುದೆಂದು ತಿಳಿಯಬೇಕಾದರೆ ಬೇಸ್‌ಬಾಲಿನ ದಾಂಡಿಗನ ಕಷ್ಟವನ್ನು ಸ್ವಲ್ಪ ಅರಿಯಬೇಕು. ಕ್ರಿಕೆಟ್ ಆಟವನ್ನು ಕಂಡು ಬೆಳೆದ ನಮ್ಮ ಜನಕ್ಕೆ ಇದು ಸುಲಭದ ಕೆಲಸವೆಂದು ತೋರಬಹುದು. ಚೆಂಡು ನೆಲಕ್ಕೆ ಬಿದ್ದು ಪುಟಿಯುವುದಿಲ್ಲ. ಬೀಸಿ ಹೊಡೆದರೆ ತೀರಿತು! ಆದರೆ ಕ್ರಿಕೆಟಿನ ಬ್ಯಾಟಿಗೆ ಚಪ್ಪಟೆಯಾದ ಮುಖವಿದೆ. ಬೇಸ್‌ಬಾಲಿನ ಬ್ಯಾಟು ಒನಕೆಯಂತೆ ದುಂಡು. ಎಷ್ಟೇ ದಪ್ಪವೆಂದರೂ ಅದರ ಅಡ್ಡಳತೆ 2.61 ಅಂಗುಲವನ್ನು ಮೀರಕೂಡದು. ದುಂಡು ಚೆಂಡನ್ನು ದುಂಡು ಮರದಿಂದ ಹೊಡೆಯುವಾಗ ಕೂದಲೆಳೆಯಷ್ಟು ಮೇಲೆ ತಗಲಿದರೆ ಚೆಂಡು ನೆಲಕ್ಕೆ, ಕೂದಲೆಳೆಯಷ್ಟು ಕೆಳಗೆ ತಗಲಿದರೆ ಆಕಾಶಕ್ಕೆ. ಇನ್ನು ಕ್ರಿಕೆಟಿಗನಂತೆ ಕೆಟ್ಟ ಗಳಿಗೆಯಲ್ಲಿ ಚೆಂಡನ್ನು ತಡೆಯುತ್ತ ದಿನವಿಡೀ ನಿಲ್ಲುವ ಅವಕಾಶವೂ ಇಲ್ಲ. ಮೂರು ಸಲ ತಪ್ಪಿದರೆ ಹೊರನಡೆಯಬೇಕು.

ಎಸೆತದ ಗದ್ದುಗೆಗೂ ದಾಂಡಿಗನ ಮುಂದಿನ ಫಲಕಕ್ಕೂ ನಡುವೆ ಅರವತ್ತು ಅಡಿ ಆರು ಅಂಗುಲ. ಗಂಟೆಗೆ 90 ಮೈಲಿ ವೇಗದ ಚೆಂಡು ಈ ದೂರವನ್ನು ಸುಮಾರು 0.4 ಸೆಕೆಂಡಿನಲ್ಲಿ ಕ್ರಮಿಸುತ್ತದೆ. ಬ್ಯಾಟು ಬೀಸುವುದಕ್ಕೇ 0.15 ಸೆಕೆಂಡು ಬೇಕು. ಉಳಿದ ಅಲ್ಪ ಕಾಲದಲ್ಲಿ ಕಣ್ಣು ಚೆಂಡನ್ನು ಕಂಡು, ಬುದ್ಧಿ ಅದರ ಗತಿಯನ್ನು ಅಳೆದು, ಹೊಡೆಯಲೇ ಬಿಡಲೇ ಎಂದು ನಿರ್ಧರಿಸಬೇಕು. ಬೇಸ್‌ಬಾಲ್ ಚೆಂಡನ್ನು ಹೊಡೆಯುವುದು ಕ್ರೀಡಾಪ್ರಪಂಚದಲ್ಲೇ ಅತ್ಯಂತ ಕಠಿಣವಾದ ಕೆಲಸವೆಂದು ಅಮೆರಿಕದ ಮಹಾ ದಾಂಡಿಗ ಟೆಡ್ ವಿಲಿಯಮ್ಸ್ ಹೇಳುತ್ತಿದ್ದುದು ಅತಿಶಯೋಕ್ತಿಯೇನಲ್ಲ. ಇಷ್ಟು ಬಿಗಿಯಾದ ಲೆಕ್ಕದಲ್ಲಿ ಒಂದು ಅನಾವಶ್ಯಕ ಚಲನೆ ಸೇರಿಕೊಂಡರೂ ಸಾಕು, ಎಲ್ಲವೂ ಕೆಟ್ಟಿತು.

ಇಂಥ ಅನಾವಶ್ಯಕ ಚಲನೆಗಳು ಹಲವು. ಅಮೆರಿಕದ ಶಾಲಾ ಬಾಲಕರಲ್ಲಿ ಅವನ್ನು ದಿನವೂ ಕಾಣಬಹುದು. ಎಲ್ಲಕ್ಕಿಂತ ಸಾಮಾನ್ಯವಾದುದು ಭಯದಿಂದ ಹುಟ್ಟಿದ್ದು. ಗಟ್ಟಿ ಚೆಂಡು ತನ್ನತ್ತ ಹಾರಿಬರುವಾಗ ಹುಡುಗನ ಮುಂಗಾಲು ಎಸೆತಗಾರನ ಕಡೆಗೆ ಹೋಗದೆ ಪಕ್ಕಕ್ಕೆ ಸರಿದುಬಿಡುತ್ತದೆ. ಇದಕ್ಕೆ ಅಲ್ಲಿಯ ಆಟಗಾರರು ‘ಬಕೆಟ್ಟಿನಲ್ಲಿ ಕಾಲಿಡುವುದು’ ಎಂಬ ತಮಾಷೆಯ ಹೆಸರಿಟ್ಟಿದ್ದಾರೆ. ಕಾಲು ಸರಿದಾಗ ಸೊಂಟವೂ ಭುಜವೂ ಅದರ ಹಿಂದೆ ಸರಿಯುತ್ತವೆ, ಹೊರಬದಿಯ ಚೆಂಡು ಬ್ಯಾಟಿಗೆ ಎಟುಕುವುದಿಲ್ಲ. ಹುಡುಗನ ಕಾಲಹಿಂದೆ ಒಂದು ಹಲಗೆಯನ್ನಿಟ್ಟು ಅದನ್ನು ತುಳಿಯದಂತೆ ಹೆಜ್ಜೆಯಿಡಿಸುವುದು ವಾಡಿಕೆಯ ಉಪಾಯ. ಆದರೆ ಹಲಗೆ ಕಾಲನ್ನು ತಡೆದೀತೇ ಹೊರತು ಭಯವನ್ನು ತಡೆಯಲಾರದು. ‘ಹೆದರಬೇಡ’ ಎಂದು ಗದರಿಸಿದರೆ ಅದು ಇಮ್ಮಡಿಯಾಗುವುದೂ ಉಂಟು. ಮೊದಲು ಮೆತ್ತನೆಯ ಟೆನ್ನಿಸ್ ಚೆಂಡನ್ನು ನಿಧಾನವಾಗಿ ಎಸೆದು, ಕ್ರಮೇಣ ವೇಗವನ್ನು ಹೆಚ್ಚಿಸುವ ತರಬೇತುದಾರನೇ ಜಾಣ.

ಈ ದೋಷವನ್ನು ಜೀವಮಾನವಿಡೀ ತಿದ್ದಿಕೊಳ್ಳದೆಯೇ ಕೀರ್ತಿ ಪಡೆದ ಪುಣ್ಯವಂತನೂ ಒಬ್ಬನಿದ್ದ. ಆಲ್ ಸಿಮನ್ಸ್ ಎಂಬಾತನ ಕಾಲು ಸದಾ ಪಕ್ಕಕ್ಕೇ ಸರಿಯುತ್ತಿತ್ತು. ಆದರೆ ಭುಜಗಳೂ ಕೈಗಳೂ ಕಾಲಿನ ಹಿಂದೆ ಹೋಗದೆ ಚೆಂಡಿಗಾಗಿ ಕಾದಿರುತ್ತಿದ್ದವು. 2,927 ಸಫಲ ಹೊಡೆತಗಳನ್ನು ಹೊಡೆದು 1953ರಲ್ಲಿ ಬೇಸ್‌ಬಾಲಿನ ಕೀರ್ತಿಮಂದಿರವನ್ನು ಸೇರಿದ ಆತನನ್ನು ತಿದ್ದಹೊರಟವರು ಏನು ಹೇಳಬೇಕಿತ್ತು? ಕಣ್ಣಿಗೆ ಕುಂದೆಂದು ಕಂಡದ್ದೆಲ್ಲ ಆಟಕ್ಕೂ ಕುಂದಾಗಬೇಕೆಂದಿಲ್ಲ.

ಇನ್ನೊಂದು ದೋಷ, ತೋಳುಗಳನ್ನು ಮೊದಲೇ ಚಾಚಿ ದೊಡ್ಡ ಸುತ್ತು ಹಾಕಿ ಬೀಸುವುದು. ಬಲಶಾಲಿಗಳಾದ ಹುಡುಗರಲ್ಲಿಯೇ ಇದು ಹೆಚ್ಚು. ಬೀಸು ದೊಡ್ಡದಾದಷ್ಟೂ ಹೊಡೆತ ಬಲವಾದೀತೆಂಬುದು ಅವರ ಭ್ರಮೆ. ಕೈಗಳು ಮೈಗೆ ಹತ್ತಿರವಿದ್ದಾಗಲೇ ಮೈ ಬೇಗ ತಿರುಗುವುದು. ಇದನ್ನು ಕಲಿಸಲು ಮಾತು ಬೇಡ, ಒಂದು ಬೇಲಿ ಸಾಕು. ಬ್ಯಾಟಿನ ಹಿಡಿಯ ತುದಿಯನ್ನು ಹೊಕ್ಕುಳಿಗೂ ಇನ್ನೊಂದು ತುದಿಯನ್ನು ಬೇಲಿಗೂ ತಾಗಿಸಿ, ಅಷ್ಟೇ ದೂರದಲ್ಲಿ ನಿಂತು, ಬೇಲಿಗೆ ತಗಲದಂತೆ ಬೀಸಬೇಕು. ತೋಳು ಚಾಚಿದವನ ಬ್ಯಾಟು ಬೇಲಿಗೆ ಬಡಿದು ಸದ್ದು ಮಾಡುತ್ತದೆ. ಗುರುವಿನ ಟೀಕೆಗಿಂತ ಬೇಲಿಯ ಟೀಕೆಯನ್ನು ಹುಡುಗರು ಬೇಗ ಒಪ್ಪುತ್ತಾರೆ! ತಲೆಯೆತ್ತಿ ಚೆಂಡು ಹೋದ ದಿಕ್ಕನ್ನು ಮುಂಚಿತವಾಗಿ ನೋಡುವ ಚಪಲಕ್ಕೆ, ಚೆಂಡನ್ನು ಗೂಟದ ಮೇಲಿಟ್ಟು ಹೊಡೆಸಿ, ಹೊಡೆದ ಮೇಲೂ ಗೂಟದ ಮೇಲೆಯೇ ದೃಷ್ಟಿಯಿಡಿಸುತ್ತಾರೆ. ಬ್ಯಾಟಿನ ತುದಿ ಜೋಲುವುದಕ್ಕಂತೂ ಎಷ್ಟೋ ವೇಳೆ ಹಗುರವಾದ ಬ್ಯಾಟೇ ಚಿಕಿತ್ಸೆ.

ಸದಾಹರುವಿನ ದೋಷ ಇವೆಲ್ಲಕ್ಕಿಂತ ಹಟಮಾರಿಯಾದುದು. ಟೋಕಿಯೋದಲ್ಲಿ ಉಪಾಹಾರಗೃಹವನ್ನು ನಡೆಸುತ್ತಿದ್ದ ಚೀನೀ ತಂದೆಗೂ ಜಪಾನೀ ತಾಯಿಗೂ 1940ರಲ್ಲಿ ಜನಿಸಿದ ಆತ ಶಾಲೆಯಲ್ಲಿ ಹೆಸರಾಂತ ಎಸೆತಗಾರನಾಗಿದ್ದ. 1959ರಲ್ಲಿ ಜೈಂಟ್ಸ್ ತಂಡ ಆತನನ್ನು ಸೇರಿಸಿಕೊಂಡು, ಎಸೆಯುವುದನ್ನು ಬಿಡಿಸಿ ದಾಂಡಿಗನನ್ನಾಗಿ ಮಾಡಿತು. ಮೊದಲ ಸಫಲ ಹೊಡೆತಕ್ಕಾಗಿ ಆತ ಇಪ್ಪತ್ತೇಳನೆಯ ಸರದಿಯವರೆಗೆ ಕಾಯಬೇಕಾಯಿತು. ಆ ವರ್ಷದ ಸರಾಸರಿ ಸಾವಿರಕ್ಕೆ 161. ಸಾಧಾರಣ ದಾಂಡಿಗನೂ ಇನ್ನೂರೈವತ್ತರ ಆಸುಪಾಸಿನಲ್ಲಿರುತ್ತಾನೆ. ‘ಓ’ ಎಂಬ ಆತನ ಮನೆತನದ ಹೆಸರಿಗೆ ರಾಜನೆಂದು ಅರ್ಥ. ಮೂರು ಬಾರಿ ತಪ್ಪಿ ಹೊರನಡೆಯುವುದರಲ್ಲಿ ಈತನೇ ರಾಜನೆಂದು ಪ್ರೇಕ್ಷಕರು ಆ ಹೆಸರಿನ ಮೇಲೆಯೇ ಶ್ಲೇಷೆ ಮಾಡಿ ಕೂಗುತ್ತಿದ್ದರು. ಮುಂದಿನ ವರ್ಷ ಕೊಂಚ ಚೇತರಿಸಿಕೊಂಡರೂ 1961ರಲ್ಲಿ ಮತ್ತೆ ಇಳಿಮುಖ. ವರ್ಷವಿಡೀ ಹದಿಮೂರೇ ಹೋಮ್ ರನ್.

ಆಗ ತಂಡಕ್ಕೆ ಬ್ಯಾಟಿಂಗ್ ಗುರುವಾಗಿ ಬಂದವರು ಹಿರೋಶಿ ಅರಾಕಾವಾ. ಶಿಷ್ಯ ಅವರಿಗೆ ಹೊಸಬನೇನೂ ಅಲ್ಲ. ಎಷ್ಟೋ ವರ್ಷಗಳ ಹಿಂದೆ, ತಾವೇ ಆಟಗಾರರಾಗಿದ್ದಾಗ, ಉದ್ಯಾನವೊಂದರಲ್ಲಿ ಆಡುತ್ತಿದ್ದ ಒಬ್ಬ ಶಾಲಾ ಬಾಲಕ ಎಡಗೈಯಿಂದ ಚೆಂಡೆಸೆದರೂ ಬ್ಯಾಟನ್ನು ಮಾತ್ರ ಬಲಗೈಯವರಂತೆ ಹಿಡಿಯುವುದನ್ನು ಕಂಡು, ಎಡಗಡೆಯಿಂದ ಹೊಡೆದು ನೋಡೆಂದು ಹೇಳಿದವರು ಅವರೇ. ಆ ಬಾಲಕನೇ ಸದಾಹರು.

ಅರಾಕಾವಾ ಕಂಡ ದೋಷ ಇದು: ಚೆಂಡು ಬರುತ್ತಿರುವಾಗ ಸದಾಹರುವಿನ ಕೈಗಳು ನೇರವಾಗಿ ಮುಂದೆ ಬಾರದೆ, ಮೊದಲು ಕೆಳಗೆ ಜಾರಿ ಹಿಂದಕ್ಕೆ ಹೋಗಿ ಆಮೇಲೆ ಮುಂದೆ ಬರುತ್ತಿದ್ದವು. ಸೇದುವ ಹಗ್ಗ ರಾಟೆಯಲ್ಲಿ ಒಮ್ಮೆ ತಡೆದು ಜಗ್ಗಿದಂತೆ. ಅಷ್ಟರಲ್ಲಿ ಮುಂಗಾಲು ಆತುರದಿಂದ ನೆಲವನ್ನು ಊರಿ ಮೈಭಾರವೆಲ್ಲ ಮುಂದಕ್ಕೆ ಬಂದುಬಿಡುತ್ತಿತ್ತು. ಕಾಲು ಬೇಗ, ಕೈ ತಡ. ಕೈಯನ್ನು ಅಲುಗಿಸಬೇಡವೆಂದು ಎಷ್ಟು ಹೇಳಿದರೂ ಪ್ರಯೋಜನವಾಗಲಿಲ್ಲ. 0.4 ಸೆಕೆಂಡಿನಲ್ಲಿ ಉಪದೇಶವನ್ನು ನೆನೆಯಲು ಯಾರಿಗೆ ಪುರುಸೊತ್ತಿದೆ? ನೆನೆದರೆ ಚೆಂಡು ತಪ್ಪುತ್ತದೆ. ನೆನೆಯದಿದ್ದರೆ ಹಳೆಯ ಚಾಳಿಯೇ ಗತಿ.

ಅರಾಕಾವಾ ಅವರು ಕೈಯ ಮಾತನ್ನು ಬಿಟ್ಟು ಕಾಲನ್ನು ಹಿಡಿದರು. ಕಾಲನ್ನು ಮೊದಲೇ ಎತ್ತಿ ನಿಂತರೆ ಅದು ಆತುರಪಡುವಂತಿಲ್ಲ. ಒಂಟಿಕಾಲಿನಲ್ಲಿ ನಿಂತವನು ಕೈಯನ್ನು ವೃಥಾ ಜಗ್ಗಿದರೆ ಸಮತೋಲ ತಪ್ಪಿ ಮುಗ್ಗರಿಸುತ್ತಾನೆ. ಹೀಗೆ ದೋಷವನ್ನು ಮಾಡುವುದಕ್ಕೇ ಎಡೆಯಿಲ್ಲದಂತಾಯಿತು. ಜುಲೈ ಒಂದರ ಪಂದ್ಯದಲ್ಲಿ ಧೈರ್ಯ ಮಾಡಿ ಅದನ್ನು ಪ್ರಯೋಗಿಸುವಂತೆ ಹೇಳಿದವರು ಅವರೇ. ಪ್ರಯೋಗ ಕೆಟ್ಟಿದ್ದರೆ ಶಿಷ್ಯನ ಜತೆಗೆ ಗುರುವೂ ನಗೆಗೀಡಾಗುತ್ತಿದ್ದರು.

ಒಂದು ದಿನದ ಹೋಮ್ ರನ್ ಅದೃಷ್ಟವಿರಬಹುದು. ಅದನ್ನು ವಿದ್ಯೆಯನ್ನಾಗಿ ಮಾಡಿಕೊಳ್ಳಲು ವರ್ಷಗಳು ಹಿಡಿದವು. ಅರಾಕಾವಾ ಸ್ವತಃ ಐಕಿಡೊ ಎಂಬ ಜಪಾನೀ ಮಲ್ಲವಿದ್ಯೆಯ ಅಭ್ಯಾಸಿ. ಆ ವಿದ್ಯೆಯ ಪ್ರವರ್ತಕ ವೃದ್ಧ ಮೊರಿಹೇಯ್ ಉಯೇಶಿಬಾ ಅವರ ಬಳಿಗೆ ಶಿಷ್ಯನನ್ನು ಕರೆದೊಯ್ದರು. ಒಂಟಿಕಾಲಿನಲ್ಲಿ ನಿಂತಾಗ ಭಾರವನ್ನು ಹೊಟ್ಟೆಯ ಕೆಳಗೆ ನಿಲ್ಲಿಸುವುದು, ಎದುರಾಳಿ ಬರುವವರೆಗೆ ಕಾಯುವುದು, ಇವೇ ಅಲ್ಲಿಯ ಪಾಠ. ಗುರುವಿನ ಮನೆಯಲ್ಲಿ ರಾತ್ರಿಗಳು ಅಭ್ಯಾಸದಲ್ಲಿಯೇ ಕಳೆದವು. ಛಾವಣಿಯಿಂದ ತೂಗಿಬಿಟ್ಟ ಕಾಗದದ ಪಟ್ಟಿಯನ್ನು ನಿಜವಾದ ಖಡ್ಗದಿಂದ ಕತ್ತರಿಸಬೇಕು. ಬರಿಯ ಬಲದಿಂದ ಬೀಸಿದರೆ ಕಾಗದ ಗಾಳಿಗೆ ಸರಿಯುತ್ತದೆಯೇ ಹೊರತು ಕತ್ತರಿಸುವುದಿಲ್ಲ. ಕೈ ಸ್ವಲ್ಪ ಜಗ್ಗಿದರೂ ಅಷ್ಟೇ. ಕಾಲು ತಿರುಗಿ ತಿರುಗಿ ನೆಲದ ಚಾಪೆಗಳು ಸವೆದುಹೋದವಂತೆ.

ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಅರಾಕಾವಾ ಕಲಿಸಿದ್ದು ಮೇಲಿನಿಂದ ಕೆಳಕ್ಕೆ ಕತ್ತರಿಸುವ ಬೀಸು. ಟೆಡ್ ವಿಲಿಯಮ್ಸ್ ಪ್ರತಿಪಾದಿಸಿದ್ದು ಇದಕ್ಕೆ ತದ್ವಿರುದ್ಧ: ಎತ್ತರದ ಗದ್ದುಗೆಯಿಂದ ಬರುವ ಚೆಂಡು ಇಳಿಯುತ್ತ ಬರುವುದರಿಂದ ಬ್ಯಾಟು ತುಸು ಏರುತ್ತ ಹೋಗಬೇಕು ಎಂದು. ಲೆಕ್ಕದಲ್ಲಿ ವಿಲಿಯಮ್ಸನ ಮಾತೇ ಸರಿ. ಆದರೆ ಕಲಿಸುವವನ ಮಾತು ಬೇರೆ, ಮೈ ಮಾಡುವ ಕೆಲಸ ಬೇರೆ. ಎಡಕ್ಕೆ ಬಾಗಿದ ಸಸಿಯನ್ನು ನೇರಮಾಡಲು ತೋಟಗಾರ ಅದನ್ನು ಬಲಕ್ಕೆ ಎಳೆದು ಕಟ್ಟುತ್ತಾನಲ್ಲವೇ? ಕೈ ಕೆಳಗೆ ಜಾರುವ ಚಾಳಿಯಿದ್ದ ಶಿಷ್ಯನಿಗೆ ಮೇಲಿನಿಂದ ಕತ್ತರಿಸೆಂದು ಹೇಳಿದ್ದೂ ಅಂಥ ಕಟ್ಟೇ. ಅದನ್ನು ಆ ಚಾಳಿಯಿಲ್ಲದ ಹುಡುಗನಿಗೆ ಕಲಿಸಿದರೆ ಸಸಿ ಬಲಕ್ಕೇ ಬಾಗೀತು. ಸದಾಹರುವಿನ ಯಶಸ್ಸನ್ನು ಕಂಡು ಒಂಟಿಕಾಲಿನಲ್ಲಿ ನಿಲ್ಲಹೊರಡುವವರು ಮರೆಯುವುದು ಇದನ್ನೇ.

1962ರ ಕೊನೆಗೆ ಆತನ ಹೋಮ್ ರನ್ನುಗಳ ಸಂಖ್ಯೆ 38. ಆ ವರ್ಷ ತನ್ನ ಲೀಗಿನಲ್ಲಿ ಆತನೇ ಮೊದಲಿಗ. 1964ರಲ್ಲಿ 55. ಸತತವಾಗಿ ಹದಿಮೂರು ವರ್ಷ ಆ ಮೊದಲ ಸ್ಥಾನ ಆತನದೇ ಆಗಿತ್ತು. 1977ರ ಸೆಪ್ಟೆಂಬರ್ 3ರಂದು ಟೋಕಿಯೋದ ಕೊರಾಕುಯೆನ್ ಮೈದಾನದಲ್ಲಿ 756ನೆಯ ಹೋಮ್ ರನ್ ಹೊಡೆದು, ಅಮೆರಿಕದಲ್ಲಿ ಹ್ಯಾಂಕ್ ಆರನ್ ಗಳಿಸಿದ್ದ 755ರ ಸಂಖ್ಯೆಯನ್ನು ಆತ ದಾಟಿದ. ವೃದ್ಧ ತಂದೆತಾಯಿಯರನ್ನು ಮೈದಾನದ ನಡುವೆ ಕರೆದು ನಿಲ್ಲಿಸಿಕೊಂಡ. ಅಂದು ಚೆಂಡನ್ನೆಸೆದಿದ್ದುದು ಯಾಕುಲ್ಟ್ ತಂಡ. ಹಿಂದಿನ ವರ್ಷದವರೆಗೆ ಆ ತಂಡದ ವ್ಯವಸ್ಥಾಪಕರಾಗಿದ್ದವರು ಬೇರಾರೂ ಅಲ್ಲ, ಅರಾಕಾವಾ ಅವರೇ!

1980ರಲ್ಲಿ ಆತ ಮೂವತ್ತು ಹೋಮ್ ರನ್ ಹೊಡೆದ. ಬೇರೊಬ್ಬನಾಗಿದ್ದರೆ ಅಷ್ಟಕ್ಕೇ ಹಿಗ್ಗುತ್ತಿದ್ದ. ತನ್ನ ಬೀಸು ಮೊದಲಿನಂತಿಲ್ಲವೆಂಬುದನ್ನು ಪ್ರೇಕ್ಷಕರಿಗಿಂತ ಮೊದಲು ಅರಿತ ಸದಾಹರು, 868ರ ಎಣಿಕೆಗೆ ಬ್ಯಾಟನ್ನು ಕೆಳಗಿಟ್ಟ.