ಚಳಿ ಹೇಳುವ ಸಾಕ್ಷ್ಯ

2015ನೆಯ ಇಸವಿ ಫೆಬ್ರವರಿ 26ರಂದು ಅಮೆರಿಕದ ಸೆನೆಟ್ ಸಭೆಯಲ್ಲಿ ಒಂದು ವಿಲಕ್ಷಣ ಪ್ರಸಂಗ ನಡೆಯಿತು. ಓಕ್ಲಹೋಮ ರಾಜ್ಯದ ಸೆನೆಟರ್ ಜೇಮ್ಸ್ ಇನ್‌ಹೋಫ್ ಅವರು ಪ್ಲಾಸ್ಟಿಕ್ ಚೀಲವೊಂದರಿಂದ ಹಿಮದ ಉಂಡೆಯನ್ನು ಹೊರತೆಗೆದು ಸಭೆಗೆ ತೋರಿಸಿದರು. ಅಲ್ಲಿಯವರೆಗಿನ ದಾಖಲೆಯಲ್ಲಿ 2014ರಷ್ಟು ಬಿಸಿಯಾದ ವರ್ಷ ಬೇರೆ ಇಲ್ಲವೆಂದು ವಿಜ್ಞಾನಿಗಳು ಸಾರಿದ್ದರು. ಸಭೆಯ ಹೊರಗೆ ವಾಷಿಂಗ್‌ಟನ್ ನಗರವಾದರೋ ಚಳಿಯಲ್ಲಿ ನಡುಗುತ್ತಿತ್ತು. ಹಾಗಾದರೆ ಇದೇನು ಎಂಬುದು ಅವರ ವಾದದ ತಿರುಳು. ಮಾತು ಮುಂದುವರಿದಂತೆ ಆ ಉಂಡೆಯನ್ನು ಅವರು ಅಧ್ಯಕ್ಷಪೀಠದ ಕಡೆಗೆ ಎಸೆದರು. ಆ ಸಭೆಯ ಪರಿಸರ ಸಮಿತಿಗೆ ಆಗ ಅಧ್ಯಕ್ಷರಾಗಿದ್ದವರೂ ಅವರೇ.

ಈ ಪ್ರಸಂಗವನ್ನು ಕುರಿತು ನಕ್ಕವರು ಬಹಳ. ಆದರೆ ನಗೆಯಿಂದ ಪ್ರಶ್ನೆಗೆ ಉತ್ತರ ಸಿಕ್ಕಂತಾಗುವುದಿಲ್ಲ. ಭೂಮಿ ಬಿಸಿಯಾಗುತ್ತಿರುವುದು ನಿಜವಾದರೆ ಇಂಥ ಚಳಿ ಏಕೆ ಎಂದು ಕೇಳುವವನು ಮೂಢನೇನೂ ಅಲ್ಲ. ಮೈಗೆ ತಾಕಿದ್ದನ್ನು ನಂಬುವುದು ಮನುಷ್ಯಸ್ವಭಾವ. ನಾನು ವಿಜ್ಞಾನವನ್ನು ಓದಿದವನಲ್ಲ, ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದರೂ ಈ ವಿಷಯವನ್ನು ಆರಿಸಿಕೊಂಡದ್ದೇಕೆಂದರೆ, ಈ ವಾದದಲ್ಲಿ ವಿಜ್ಞಾನದ ಪಾಲು ಎಷ್ಟಿದೆಯೋ ಶಬ್ದಾರ್ಥದ ಪಾಲೂ ಅಷ್ಟೇ ಇದೆ.

ನಮ್ಮ ಭಾಷೆಯನ್ನೇ ನೋಡಿ. ನಾಳೆ ಮಳೆ ಬರುವುದೋ ಇಲ್ಲವೋ ಎಂದು ತಿಳಿಸುವುದು ‘ಹವಾಮಾನ ವರದಿ’. ನೂರು ವರ್ಷಗಳಲ್ಲಿ ಭೂಮಂಡಲದ ಶಾಖ ಏರಿದ್ದನ್ನು ಹೇಳುವಾಗಲೂ ಪತ್ರಿಕೆಗಳು ಬರೆಯುವುದು ‘ಹವಾಮಾನ ಬದಲಾವಣೆ’. ಎರಡು ಬೇರೆ ಬೇರೆ ಸಂಗತಿಗಳು ಒಂದೇ ಪದದ ಹೊದಿಕೆಯೊಳಗೆ ಮಲಗಿವೆ. ಹಳೆಯ ಭೂಗೋಳ ಪುಸ್ತಕಗಳು ಈ ವಿಷಯದಲ್ಲಿ ಹೆಚ್ಚು ಎಚ್ಚರ ವಹಿಸಿದ್ದವು. ದಿನದಿನಕ್ಕೆ ಬದಲಾಗುವುದನ್ನು ಹವೆ ಎಂದೂ, ಅನೇಕ ವರ್ಷಗಳ ಹವೆಯನ್ನು ಒಟ್ಟುಗೂಡಿಸಿ ನೋಡಿದಾಗ ತಿಳಿದುಬರುವ ಸ್ಥಿರಲಕ್ಷಣವನ್ನು ವಾಯುಗುಣ ಎಂದೂ ಅವು ಕರೆದವು. ಗುಣ ಎಂಬ ಮಾತು ಇಲ್ಲಿ ಅರ್ಥವತ್ತಾದದ್ದು. ಒಬ್ಬನ ಒಂದು ದಿನದ ಕೋಪವನ್ನು ಕಂಡು ಅವನ ಗುಣವನ್ನು ನಾವು ನಿರ್ಣಯಿಸುವುದಿಲ್ಲವಷ್ಟೆ. ವಾಯುಗುಣವನ್ನು ನಿರ್ಣಯಿಸಲು ವಿಜ್ಞಾನಿಗಳು ವಾಡಿಕೆಯಾಗಿ ಮೂವತ್ತು ವರ್ಷಗಳ ಸರಾಸರಿಯನ್ನು ತೆಗೆದುಕೊಳ್ಳುತ್ತಾರೆ.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕು ಎಂಬುದು ನಮ್ಮ ಅಡುಗೆಮನೆಯ ಜಾಣ್ಮೆ. ಹಿಮದ ಉಂಡೆಯ ವಾದವೂ ಇದೇ ಜಾಣ್ಮೆಯನ್ನು ನೆಚ್ಚಿಕೊಂಡಿದೆ. ಆದರೆ ಅಗುಳಿನ ಪರೀಕ್ಷೆ ಸಲ್ಲುವುದು ಪಾತ್ರೆಯೊಳಗಿನ ಅಗುಳುಗಳೆಲ್ಲ ಒಂದೇ ನೀರಿನಲ್ಲಿ, ಒಂದೇ ಉರಿಯಲ್ಲಿ ಬೆಂದಿರುವುದರಿಂದ. ಭೂಮಿ ಅಂಥ ಪಾತ್ರೆಯಲ್ಲ. ಇಡೀ ಅಮೆರಿಕ ಸಂಯುಕ್ತ ಸಂಸ್ಥಾನವೇ ಭೂಮಿಯ ಮೇಲ್ಮೈಯಲ್ಲಿ ನೂರಕ್ಕೆ ಸುಮಾರು ಎರಡು ಪಾಲು. ಆ ಫೆಬ್ರವರಿಯಲ್ಲಿ ಅದರ ಪೂರ್ವ ಭಾಗ ಹೆಪ್ಪುಗಟ್ಟಿದ್ದಾಗ ಪಶ್ಚಿಮ ಭಾಗದಲ್ಲಿ ಕಾಲಕ್ಕೆ ತಕ್ಕದ್ದಲ್ಲದ ಸೆಕೆಯಿತ್ತು. ಹಿಮದ ಉಂಡೆ ಕಾಣಿಸಿಕೊಂಡ ಆ 2015ನೆಯ ವರ್ಷವೇ ಕೊನೆಗೆ 2014ರ ದಾಖಲೆಯನ್ನೂ ಮುರಿಯಿತು.

2019ರ ಜನವರಿಯಲ್ಲಿ ಇದೇ ವಾದ ಇನ್ನೊಮ್ಮೆ ತಲೆಯೆತ್ತಿತು. ಆ ತಿಂಗಳ 30ರಂದು ಶಿಕಾಗೋ ನಗರದಲ್ಲಿ ಉಷ್ಣತೆ ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್ ಕೆಳಕ್ಕಿಳಿಯಿತು. ಅದಕ್ಕೆ ಎರಡು ದಿನ ಮೊದಲು, ಚಳಿಯ ಮುನ್ಸೂಚನೆಯನ್ನು ಕಂಡ ಅಧ್ಯಕ್ಷ ಟ್ರಂಪ್ ಅವರು, ಜಾಗತಿಕ ತಾಪಕ್ಕೆ ಏನಾಯಿತು, ಅದು ಬೇಗ ಮರಳಿ ಬರಲಿ ಎಂಬರ್ಥದ ಹಾಸ್ಯವಾಡಿದ್ದರು. ಅದು ಎಲ್ಲಿಗೂ ಹೋಗಿರಲಿಲ್ಲ. ಅದೇ ತಿಂಗಳ 24ರಂದು ಆಸ್ಟ್ರೇಲಿಯಾದ ಅಡಿಲೇಡ್ ನಗರ 46.6 ಡಿಗ್ರಿಯಲ್ಲಿ ಬೇಯುತ್ತಿತ್ತು.

ಹಾಗಾದರೆ ಬಿಸಿಯಾಗುತ್ತಿರುವುದಕ್ಕೆ ಆಧಾರವೇನು? ಕಲ್ಲಿದ್ದಲು, ತೈಲಗಳನ್ನು ಉರಿಸಿದಾಗ ಹೊರಬರುವ ಇಂಗಾಲದ ಡೈಆಕ್ಸೈಡ್ ಅನಿಲ ಭೂಮಿಯಿಂದ ಹೊರಟ ಶಾಖವನ್ನು ಹಿಡಿದಿಡುತ್ತದೆ. ಗಾಳಿಯಲ್ಲಿ ಈ ಅನಿಲ ಹೆಚ್ಚಿದರೆ ಭೂಮಿಯ ಶಾಖ ಎಷ್ಟು ಏರೀತೆಂದು ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ 1896ರಲ್ಲೇ ಲೆಕ್ಕ ಹಾಕಿದ್ದರು. ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಅಳತೆ ಆರಂಭಿಸಿದಾಗ ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಸುಮಾರು 315 ಈ ಅನಿಲದವಾಗಿದ್ದವು. 2024ರ ವೇಳೆಗೆ ಅದು 420ನ್ನು ದಾಟಿತ್ತು. 1850ರಿಂದ 1900ರ ಅವಧಿಗೆ ಹೋಲಿಸಿದರೆ 2011ರಿಂದ 2020ರ ದಶಕದಲ್ಲಿ ಭೂಮಿಯ ಸರಾಸರಿ ಉಷ್ಣತೆ ಸುಮಾರು 1.1 ಡಿಗ್ರಿ ಹೆಚ್ಚಿತ್ತು. ಒಂದು ಡಿಗ್ರಿ ಅಲ್ಪವೆಂದು ತೋರಬಹುದು. ಆದರೆ ಇದು ನೆಲ, ಕಡಲು, ಹಗಲು, ಇರುಳು ಎಲ್ಲವನ್ನೂ ಸೇರಿಸಿ ತೆಗೆದ ಸರಾಸರಿ ಎಂಬುದನ್ನು ಮರೆಯಬಾರದು.

ಇಷ್ಟಾದರೂ ಚಳಿಗಾಲ ಇಲ್ಲವಾಗುವುದಿಲ್ಲ. ಭೂಮಿಯ ಅಕ್ಷ ಓರೆಯಾಗಿರುವವರೆಗೆ ಋತುಗಳು ಇದ್ದೇ ಇರುತ್ತವೆ. ಧ್ರುವದ ದೀರ್ಘರಾತ್ರಿಯಲ್ಲಿ ಗಾಳಿ ತಣಿದೇ ತಣಿಯುತ್ತದೆ. ಬದಲಾಗುವುದು ಚಳಿ ಬೀಳುವ ಪ್ರಮಾಣ. ಅಮೆರಿಕದಲ್ಲಿ 1950ರ ದಶಕದಲ್ಲಿ ಬಿಸಿಯ ಹೊಸ ದೈನಿಕ ದಾಖಲೆಗಳೂ ಚಳಿಯ ಹೊಸ ದೈನಿಕ ದಾಖಲೆಗಳೂ ಹೆಚ್ಚುಕಡಿಮೆ ಸರಿಸಮವಾಗಿದ್ದವು. 2000ದಿಂದ 2009ರ ದಶಕದಲ್ಲಿ ಚಳಿಯ ಒಂದು ದಾಖಲೆಗೆ ಬಿಸಿಯವು ಎರಡಾದವು. ಅಂದರೆ ಚಳಿಯೂ ದಾಖಲೆ ಮುರಿಯುತ್ತಲೇ ಇದೆ, ಆದರೆ ಪಂದ್ಯದಲ್ಲಿ ಸೋಲುತ್ತಿದೆ. ಅಪರೂಪವಾದದ್ದು ನಮ್ಮನ್ನು ಬೆರಗುಗೊಳಿಸುತ್ತದೆ; ಹಿಂದೆ ಸಾಮಾನ್ಯವೆನಿಸುತ್ತಿದ್ದ ಚಳಿ ಇಂದು ಪತ್ರಿಕೆಯ ಮುಖಪುಟವನ್ನೇರಲು ಇದೂ ಒಂದು ಕಾರಣವಿರಬಹುದು.

ಹಿಮಪಾತದ ಮಾತೇ ಬೇರೆ. ಹಿಮ ಬೀಳಲು ಚಳಿಯೊಂದೇ ಸಾಲದು, ತೇವವೂ ಬೇಕು. ಉಷ್ಣತೆ ಒಂದು ಡಿಗ್ರಿ ಏರಿದರೆ ಗಾಳಿ ನೂರಕ್ಕೆ ಏಳರಷ್ಟು ಹೆಚ್ಚು ನೀರಾವಿಯನ್ನು ಹೊರಬಲ್ಲದು. ಅದು ಸೊನ್ನೆಗಿಂತ ತಣ್ಣಗಿರುವ ಪ್ರದೇಶವನ್ನು ಹೊಕ್ಕರೆ ಮಳೆಯ ಬದಲು ಹಿಮ ರಾಶಿ ರಾಶಿಯಾಗಿ ಸುರಿಯುತ್ತದೆ. 2014ರ ನವೆಂಬರ್‌ನಲ್ಲಿ ಇನ್ನೂ ಹೆಪ್ಪುಗಟ್ಟದಿದ್ದ ಈರೀ ಸರೋವರದ ಮೇಲೆ ಶೀತಗಾಳಿ ಹಾದುಬಂದಾಗ ಬಫಲೋ ನಗರದ ಸುತ್ತಿನ ಕೆಲವು ಊರುಗಳಲ್ಲಿ ಐದು ಅಡಿಗೂ ಮಿಕ್ಕು ಹಿಮ ಬಿತ್ತು. ಆದ್ದರಿಂದ ಹಿಮದ ರಾಶಿಯನ್ನು ತೋರಿಸಿ ಬಿಸಿಯಿಲ್ಲವೆಂದು ಸಾಧಿಸಲಾಗದು.

ಇಲ್ಲಿಯವರೆಗಿನದು ಬಹುಮಟ್ಟಿಗೆ ನಿರ್ವಿವಾದ. ವಿಜ್ಞಾನಿಗಳಲ್ಲೇ ಭಿನ್ನಮತವಿರುವ ಒಂದು ಸಂಗತಿಯೂ ಉಂಟು. ಚಳಿಗಾಲದಲ್ಲಿ ಉತ್ತರ ಧ್ರುವದ ಮೇಲೆ, ಬಹಳ ಎತ್ತರದಲ್ಲಿ, ಗಾಳಿಯ ಒಂದು ದೊಡ್ಡ ಸುಳಿ ಪಶ್ಚಿಮದಿಂದ ಪೂರ್ವಕ್ಕೆ ಸುತ್ತುತ್ತಿರುತ್ತದೆ. ಅದು ಬಲವಾಗಿದ್ದಾಗ ಶೀತವಾಯು ಬೇಲಿಯೊಳಗಿನ ದನದಂತೆ ಧ್ರುವದ ಬಳಿಯೇ ನಿಲ್ಲುತ್ತದೆ. ಬಲ ಕುಗ್ಗಿದರೆ ಬೇಲಿ ಸಡಿಲಗೊಂಡು ದಕ್ಷಿಣಕ್ಕೆ ನುಗ್ಗುತ್ತದೆ. 1979ರಿಂದೀಚೆಗೆ ಉತ್ತರ ಧ್ರುವಪ್ರದೇಶ ಉಳಿದ ಭೂಮಿಗಿಂತ ಹಲವು ಪಟ್ಟು ವೇಗವಾಗಿ ಬಿಸಿಯಾಗಿದೆ. ಇದರಿಂದ ಮೇಲ್ಗಾಳಿಯ ಪ್ರವಾಹ ಮಂದವಾಗಿ ಅಂಕುಡೊಂಕಾಗುತ್ತದೆಂದು ಜೆನಿಫರ್ ಫ್ರಾನ್ಸಿಸ್ ಮತ್ತು ಸ್ಟೀಫನ್ ವಾವ್ರಸ್ 2012ರಲ್ಲಿ ಪ್ರತಿಪಾದಿಸಿದರು. ಪುರಾವೆ ಸಾಲದೆಂದು ಬೇರೆಯವರು ಆಕ್ಷೇಪಿಸಿದ್ದಾರೆ. ಈ ಜಿಜ್ಞಾಸೆ ಇನ್ನೂ ಮುಗಿದಿಲ್ಲ. ಬಿಸಿಯ ಪಕ್ಷ ವಹಿಸುವವರು ಪ್ರತಿಯೊಂದು ಶೀತಮಾರುತಕ್ಕೂ ಬಿಸಿಯೇ ಕಾರಣವೆಂದು ಸಾರಿದರೆ ಅವರೂ ಒಂದು ಅಗುಳನ್ನು ಹಿಸುಕಿದವರೇ ಆಗುತ್ತಾರೆ.

ಇದೆಲ್ಲ ಪಂಡಿತರ ತರ್ಕ, ನಮಗೇನು ಎನ್ನುವಂತಿಲ್ಲ. 2021ರ ಫೆಬ್ರವರಿಯಲ್ಲಿ, ಬಿಸಿಲಿಗೇ ಹೆಸರಾದ ಟೆಕ್ಸಾಸ್ ರಾಜ್ಯಕ್ಕೆ ಧ್ರುವದ ಚಳಿ ನುಗ್ಗಿತು. ಸುಮಾರು 45 ಲಕ್ಷ ಮನೆಗಳಲ್ಲಿ ವಿದ್ಯುತ್ತು ಹೋಯಿತು. ಸತ್ತವರು 246 ಮಂದಿಯೆಂದು ರಾಜ್ಯ ಸರ್ಕಾರವೇ ಲೆಕ್ಕ ಕೊಟ್ಟಿತು. ಕೆಲವು ರಾಜಕಾರಣಿಗಳು ತಪ್ಪನ್ನು ಗಾಳಿಯಂತ್ರಗಳ ಮೇಲೆ ಹೊರಿಸಿದರು. ವಿಚಾರಣೆಯಲ್ಲಿ ಕಂಡುಬಂದದ್ದು, ನಿಂತುಹೋದ ಉತ್ಪಾದನೆಯಲ್ಲಿ ಅತಿ ದೊಡ್ಡ ಪಾಲು ನೈಸರ್ಗಿಕ ಅನಿಲದ ಸ್ಥಾವರಗಳದೆಂದು. 2011ರಲ್ಲೂ ಅಲ್ಲಿ ಇಂಥದೇ ಚಳಿ ಬಂದಿತ್ತು. ಯಂತ್ರಗಳನ್ನು ಚಳಿಗೆ ಸಿದ್ಧಪಡಿಸಬೇಕೆಂಬ ಸಲಹೆಯೂ ಆಗಲೇ ಬಂದಿತ್ತು. ಹತ್ತು ವರ್ಷಗಳಲ್ಲಿ ಅದು ಪೂರ್ಣವಾಗಿ ಕಾರ್ಯಗತವಾಗಲಿಲ್ಲ. ಬಿಸಿಯಾಗುತ್ತಿರುವ ಲೋಕದಲ್ಲೂ ಚಳಿ ಬರುತ್ತದೆಂಬುದನ್ನು ಮರೆತರೆ ತೆರಬೇಕಾದ ಬೆಲೆ ಇದು. ಚಳಿ ಬಂದಿತೆಂದು ಬಿಸಿಯನ್ನು ಮರೆತರೆ ತೆರಬೇಕಾದ ಬೆಲೆ ಇದಕ್ಕಿಂತಲೂ ದೊಡ್ಡದು, ಮತ್ತು ಅದನ್ನು ತೆರುವವರು ನಮ್ಮ ಮೊಮ್ಮಕ್ಕಳು.

ಸಾರ್ವಜನಿಕ ಚರ್ಚೆ ದಿನದ ಹವೆಯನ್ನು ಅವಲಂಬಿಸುವುದು ಎರಡೂ ಕಡೆಯವರ ದೌರ್ಬಲ್ಯ. ಜೇಮ್ಸ್ ಹ್ಯಾನ್ಸನ್ ಎಂಬ ವಿಜ್ಞಾನಿ ಇದೇ ಸೆನೆಟ್ಟಿನ ಸಮಿತಿಯೊಂದರ ಮುಂದೆ ಭೂಮಿ ಬಿಸಿಯಾಗುತ್ತಿದೆಯೆಂದು ಸಾಕ್ಷ್ಯ ನುಡಿದದ್ದು 1988ರ ಜೂನ್ 23ರಂದು, ವಾಷಿಂಗ್‌ಟನ್ ಬೇಗೆಯಲ್ಲಿ ಬೆವರುತ್ತಿದ್ದ ದಿನ. ಆ ಬೇಗೆ ಕೇಳುಗರ ಮನಸ್ಸನ್ನು ನಾಟಿರಬೇಕು. ಆದರೆ ಸಾಕ್ಷ್ಯದ ಬಲವಿದ್ದದ್ದು ನೂರು ವರ್ಷಗಳ ಅಳತೆಗಳಲ್ಲಿ. ಹ್ಯಾನ್ಸನ್ ಅವರೇ ಪಗಡೆಯ ದಾಳದಂಥ ಹೋಲಿಕೆಯೊಂದನ್ನು ಕೊಡುತ್ತಿದ್ದರು: ಆರು ಮುಖಗಳಲ್ಲಿ ಎರಡು ಬಿಸಿ, ಎರಡು ಸಾಧಾರಣ, ಎರಡು ತಂಪು ಇದ್ದ ದಾಳದಲ್ಲಿ ಈಗ ಬಿಸಿಯ ಮುಖಗಳು ಹೆಚ್ಚುತ್ತಿವೆ. ಅಂಥ ದಾಳದಲ್ಲೂ ತಂಪಿನ ಮುಖ ಆಗಾಗ ಬಿದ್ದೀತು. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಇಂದು ಎಂದಿಗಿಂತ ಸೆಕೆಯೆಂದು ಭಾವಿಸಿದವರು ಜಾಗತಿಕ ತಾಪವನ್ನು ಹೆಚ್ಚಾಗಿ ನಂಬಿದರೆಂದೂ, ಇಂದು ತಂಪೆಂದು ಭಾವಿಸಿದವರು ಕಡಿಮೆ ನಂಬಿದರೆಂದೂ ಕಂಡುಬಂತು. ನಮ್ಮ ಸಿದ್ಧಾಂತಗಳು ಇಷ್ಟರಮಟ್ಟಿಗೆ ಕಿಟಕಿಯ ಹೊರಗಿನ ಗಾಳಿಗೆ ಓಲಾಡುತ್ತವೆಂದರೆ ವಿವೇಕಕ್ಕೆ ನೆಲೆಯೆಲ್ಲಿ?

ನ್ಯಾಯಾಲಯದಲ್ಲಿ ಸಾಕ್ಷಿ ತಾನು ಕಂಡದ್ದನ್ನಷ್ಟೇ ಹೇಳಬೇಕು. ಚಳಿಯ ದಿನವೂ ಒಂದು ಸಾಕ್ಷಿ. ಕಂಬಳಿ ಬೇಕೇ, ಬೆಂಕಿ ಬೇಕೇ, ವಿದ್ಯುತ್ತಿನ ತಂತಿ ತಾಳೀತೇ ಎಂದು ಅದನ್ನು ಕೇಳೋಣ, ಅದು ಸುಳ್ಳು ಹೇಳುವುದಿಲ್ಲ. ಭೂಮಿಯ ಗುಣವನ್ನು ಕುರಿತು ಕೇಳಬೇಕಾದರೆ ಮಾತ್ರ ದೀರ್ಘಕಾಲ ನೋಡಿ ಬರೆದಿಟ್ಟ ಬೇರೆ ಸಾಕ್ಷಿಗಳನ್ನು ಕರೆಯಬೇಕು. ಅವು ಬಹಳ ದಿನಗಳಿಂದ ಒಂದೇ ಮಾತನ್ನು ಹೇಳುತ್ತಿವೆ.